ಕಿವಿಗೆ ಸಿಕ್ಕ ಸ್ಪೀಡು

ಮೊನ್ನೆ ಹತ್ತೊಂಬತ್ತರ ಹುಡುಗನೊಬ್ಬ ನನ್ನ ಬೋರಿಂಗ್ ಅಂಗಡಿಗೆ ಬಂದ. ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಮೊಪೆಡ್ ಬ್ಲಾಕು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರು. ಬಿಚ್ಚಿ ಮೇಜಿನ ಮೇಲಿಟ್ಟು, ‘ಅಣ್ಣಾ, ಒಂದು ಸೈಜ್ ಬೋರ್ ಮಾಡ್ಕೊಡಿ, ಪಿಸ್ಟನ್ನು ನಾನೇ ತಂದಿದೀನಿ’ ಅಂದ. ಬ್ಲಾಕನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಹೊಗೆ ಹೋಗುವ ಕಿಂಡಿಯ ಮೇಲಂಚು ಅಂಕುಡೊಂಕಾಗಿತ್ತು. ಅರ ಹಾಕಿ ಉಜ್ಜಿದ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. ‘ಯಾರಪ್ಪ ಉಜ್ಜಿದ್ದು?’ ಅಂದೆ. ಹುಡುಗ ನೆಲ ನೋಡಿದ. ನಾನು ಬೈಯಲಿಲ್ಲ. 2008ರ ಬೇಸಿಗೆಯಲ್ಲಿ ಇಂಥದ್ದೇ ಒಂದು ಬ್ಲಾಕು ಹಿಡಿದುಕೊಂಡು, ಇದೇ ತಿಪಟೂರಿನಲ್ಲಿ, ಇನ್ನೊಬ್ಬರ ಮುಂದೆ ನೆಲ ನೋಡುತ್ತ ನಿಂತವನು ನಾನು.

ನಮ್ಮ ಕಡೆ ಮೊಪೆಡ್ ಇಲ್ಲದ ತೋಟದ ಮನೆ ಹುಡುಕಬೇಕು. ಮುಂದೆ ಕಾಲಿಡುವ ಜಾಗದಲ್ಲಿ ಕೊಬ್ಬರಿ ಚೀಲ, ಹಿಂದೆ ಹುಲ್ಲಿನ ಹೊರೆ, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು, ಇವೆಲ್ಲದರ ನಡುವೆ ಎಲ್ಲೋ ಒಬ್ಬ ಮನುಷ್ಯ. 1972ರಲ್ಲಿ ಪುಣೆಯಿಂದ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರುವ ಟಿವಿಎಸ್ 50 ಬಂತು. ಆಮೇಲೆ ಬಂದ ಎಕ್ಸ್‌ಎಲ್ ಗಾಡಿಗಳು ಹಳ್ಳಿಯ ಎತ್ತಿನ ಗಾಡಿಯ ಅರ್ಧ ಕೆಲಸವನ್ನು ಕಸಿದುಕೊಂಡವು. ಈಗ ಹೊಸದಾಗಿ ಬರುವವು ಫೋರ್ ಸ್ಟ್ರೋಕ್. ಆದರೆ ಹಳೇ ಟೂ ಸ್ಟ್ರೋಕ್ ಗಾಡಿಗಳು ಹೊಗೆ ಬಿಡುತ್ತ ತೋಟದ ದಾರಿಗಳಲ್ಲಿ ಇನ್ನೂ ಓಡಾಡುತ್ತಿವೆ. ಹುಡುಗರ ಕೈ ತುರಿಕೆಗೆ ಸಿಕ್ಕುವುದೂ ಅವೇ. ನಾಲ್ಕು ಬೋಲ್ಟು ಬಿಚ್ಚಿದರೆ ಎಂಜಿನ್ನಿನ ಹೊಟ್ಟೆ ಕಾಣುತ್ತದಲ್ಲ, ಅದೇ ಅವುಗಳ ಗ್ರಹಚಾರ.

ಅಪ್ಪನದು ಎಕ್ಸ್‌ಎಲ್ ಸೂಪರ್. 69.9 ಸಿಸಿ, ಬೋರು 46 ಮಿ.ಮೀ., ಸ್ಟ್ರೋಕು 42 ಮಿ.ಮೀ., 5000 ಆರ್‌ಪಿಎಂನಲ್ಲಿ ಮೂರೂವರೆ ಕುದುರೆಯ ಬಲ. ನಾನಾಗ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ಥರ್ಮಲ್ ಎಂಜಿನಿಯರಿಂಗ್ ಪುಸ್ತಕದ ಟೂ ಸ್ಟ್ರೋಕ್ ಪಾಠ ಮುಗಿದಿತ್ತು. ಹಾವಾಡಿಗನ ಪುಂಗಿ ಸಿಕ್ಕಿದೆ, ಹಾವು ಹಿಡಿಯುವುದೊಂದೇ ಬಾಕಿ ಅನ್ನುವ ವಯಸ್ಸು.

ಮೊದಲು ಕೈ ಹಾಕಿದ್ದು ಸೈಲೆನ್ಸರಿಗೆ. ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಹಿಂದಿನ ಸ್ಕ್ರೂ ಬಿಚ್ಚಿ ಒಳಗಿನ ತೂತಿನ ಕೊಳವೆ ಎಳೆದು ಬಿಸಾಕಿದೆ. ಕಿಕ್ ಹೊಡೆದರೆ ಬೀದಿಯ ನಾಯಿಗಳೆಲ್ಲ ಎದ್ದವು. ನನಗಂತೂ ಗಾಡಿಗೆ ರೆಕ್ಕೆ ಬಂದ ಹಾಗಾಯಿತು. ನಿಜವಾಗಿ ಏನಾಗಿತ್ತು ಅಂತ ತಿಳಿಯಲು ಈ ಎಂಜಿನ್ ಉಸಿರಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸು ಕಮ್ಮಾರನ ತಿದಿಯ ಹಾಗೆ. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಪಕ್ಕದ ಕಿಂಡಿಗಳ ಮೂಲಕ ಮೇಲಕ್ಕೆ ಊದುತ್ತದೆ. ಅದೇ ಹೊತ್ತಿಗೆ ಎದುರಿನ ದೊಡ್ಡ ಕಿಂಡಿಯೂ ತೆರೆದಿರುತ್ತದೆ. ಹಳೇ ಹೊಗೆ ಹೊರಗೆ ಹೋಗುವುದು ಅದರಲ್ಲಿ. ಬಾಗಿಲು ಎರಡೂ ಒಟ್ಟಿಗೆ ತೆರೆದಿದ್ದರೆ ಒಳಬಂದ ನೆಂಟ ಸೀದಾ ಹಿತ್ತಲಿನಿಂದ ಹೊರಟುಹೋಗಬಹುದಲ್ಲ? ಹೋಗುತ್ತಾನೆ ಕೂಡ. ಅವನನ್ನು ತಡೆದು ವಾಪಸ್ ಕಳಿಸುವ ಕೆಲಸದಲ್ಲಿ ಸೈಲೆನ್ಸರಿನದೂ ಪಾಲಿದೆ. ಹೊಗೆಯ ಜೊತೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡಿ, ಕಿರಿದಾದ ಜಾಗಕ್ಕೆ ಬಡಿದು, ತಿರುಗಿ ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ, ಹೊರಗೆ ಜಾರಿದ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ.

ಸರಿಯಾದ ಹೊತ್ತು ಅಂದರೆ ಎಷ್ಟು? 5000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 12 ಮಿಲಿಸೆಕೆಂಡು. ಹೊಗೆ ಕಿಂಡಿ ತೆರೆದಿರುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಐದು ಮಿಲಿಸೆಕೆಂಡು ಅಂದುಕೊಳ್ಳಿ. ಬಿಸಿ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅಷ್ಟು ಹೊತ್ತಿನಲ್ಲಿ ಅಲೆ ಹೋಗಿ ಬರಬಹುದಾದ ದೂರ ಎರಡೂವರೆ ಮೀಟರ್, ಅಂದರೆ ಒಂದು ಕಡೆಗೆ ಒಂದೂಕಾಲು ಮೀಟರ್. ಸೈಲೆನ್ಸರಿನ ಉದ್ದ, ಅಗಲ, ಹಿಂದಿನ ತೂತಿನ ಗಾತ್ರ ಎಲ್ಲವೂ ಇಂಥ ಲೆಕ್ಕಕ್ಕೆ ಕಟ್ಟುಬಿದ್ದವು. ನಾನು ಸ್ಕ್ರೂಡ್ರೈವರ್ ಹಿಡಿದು ಆ ಲೆಕ್ಕವನ್ನು ಐದು ನಿಮಿಷದಲ್ಲಿ ಅಳಿಸಿಹಾಕಿದ್ದೆ.

ಈ ಅಲೆಯ ವಿದ್ಯೆಯನ್ನು ಹದಕ್ಕೆ ತಂದವರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್, ಎಂಜೆಡ್ ಕಂಪನಿಯ ಎಂಜಿನಿಯರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ವಾಪಸಾಗಲಿಲ್ಲ. ಜಪಾನಿನ ಸುಝುಕಿ ಸೇರಿದ, ವಿದ್ಯೆಯೂ ಅವನ ಜೊತೆ ಹೋಯಿತು. ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಝುಕಿಗೆ ಬಂತು. ಅದೇ ಸುಝುಕಿ 1980ರ ದಶಕದಲ್ಲಿ ಹೊಸೂರಿಗೆ ಬಂದು ಟಿವಿಎಸ್ ಜೊತೆ ಸೇರಿ 100 ಸಿಸಿ ಬೈಕು ಮಾಡಿತು. ಒಂದು ಕೊಳವೆಯ ಆಕಾರಕ್ಕೆ ದೇಶ ಬಿಟ್ಟು ಓಡಿಹೋಗುವಷ್ಟು ಬೆಲೆ ಇತ್ತು ಅಂತ ತಿಳಿದಿದ್ದರೆ ನಾನು ಆ ಸ್ಕ್ರೂ ಬಿಚ್ಚುತ್ತಿರಲಿಲ್ಲವೇನೋ. ಬಿಚ್ಚುತ್ತಿದ್ದೆ ಬಿಡಿ.

ಎರಡನೇ ಭಾನುವಾರ ಏರ್ ಫಿಲ್ಟರ್ ಕಿತ್ತೆ. ಎಂಜಿನ್ನಿಗೆ ಗಾಳಿ ಜಾಸ್ತಿ ಸಿಕ್ಕರೆ ಬಲ ಜಾಸ್ತಿ ಅನ್ನುವುದು ನನ್ನ ಸಿದ್ಧಾಂತ. ಗಾಳಿ ಹೆಚ್ಚಿದರೆ ಪೆಟ್ರೋಲೂ ಅದರ ಜೊತೆ ಹೆಚ್ಚಬೇಕು ಅನ್ನುವ ಉಳಿದರ್ಧ ತಲೆಗೆ ಹೊಳೆಯಲಿಲ್ಲ. ಕಾರ್ಬೊರೇಟರಿನ ಜೆಟ್ ಅಂದರೆ ಹಿತ್ತಾಳೆಯ ಪುಟ್ಟ ತೂತು. ಅದರ ಅಳತೆ ಫಿಲ್ಟರ್ ಇದ್ದಾಗ ಬರುವ ಗಾಳಿಗೆ ಹೊಂದಿಸಿದ್ದು. ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ತೆಳು. ತೆಳು ಮಿಶ್ರಣ ಎಂಜಿನ್ನನ್ನು ಕಾಯಿಸುತ್ತದೆ. ಟೂ ಸ್ಟ್ರೋಕಿನಲ್ಲಿ ಇನ್ನೊಂದು ಏಟೂ ಇದೆ. ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆ ಅಂದರೆ ಆಯಿಲೂ ಕಡಿಮೆ. ಬಿಸಿ ಏರಿದ ಹೊತ್ತಿಗೇ ಜಾರಿಕೆ ಇಲ್ಲ.

ಮೂರನೇ ಭಾನುವಾರ ಬ್ಲಾಕು ಇಳಿಸಿದೆ. ಹಾಸ್ಟೆಲಿನ ಸೀನಿಯರ್ ಒಬ್ಬ ‘ಪೋರ್ಟಿಂಗ್ ಮಾಡಿದ್ರೆ ಪಿಕಪ್ ಎದ್ದು ಬರುತ್ತೆ’ ಅಂದಿದ್ದ. ಅರ್ಧವೃತ್ತದ ಅರ ತಂದು ಹೊಗೆ ಕಿಂಡಿಯ ಮೇಲಂಚನ್ನು ಎರಡು ಮಿ.ಮೀ. ಎತ್ತರಿಸಿದೆ. ಅಕ್ಕಪಕ್ಕವನ್ನೂ ಅಗಲ ಮಾಡಿದೆ. ಅಳೆದದ್ದು ಕಾಲೇಜಿನ ಪ್ಲಾಸ್ಟಿಕ್ ಸ್ಕೇಲಿನಲ್ಲಿ.

ಇದೇ ಅತಿ ದುಬಾರಿ ತಪ್ಪು. ಯಾಕೆ ಅಂತ ಮೊನ್ನೆಯ ಹುಡುಗನಿಗೆ ಬ್ಲಾಕಿನೊಳಗೆ ಪಿಸ್ಟನ್ ಇಳಿಸಿ ತೋರಿಸಿದೆ. ಪಿಸ್ಟನ್ 42 ಮಿ.ಮೀ. ಮೇಲೇರಿದರೂ ಒತ್ತುವ ಕೆಲಸ ಶುರುವಾಗುವುದು ಹೊಗೆ ಕಿಂಡಿ ಪೂರ್ತಿ ಮುಚ್ಚಿದ ಮೇಲೆ. ಕಿಂಡಿ ಎತ್ತರಿಸಿದಷ್ಟೂ ಮುಚ್ಚುವುದು ತಡ, ಒತ್ತಡ ಕಡಿಮೆ. ಕೆಳಗೆ ಬರುವಾಗ ಅದೇ ಕಿಂಡಿ ಬೇಗ ತೆರೆದುಕೊಂಡು, ಇನ್ನೂ ತಳ್ಳಬೇಕಾಗಿದ್ದ ಬೆಂಕಿಯ ಬಲ ಹೊಗೆಯಾಗಿ ಹೋಗುತ್ತದೆ. ಎಂಟು ಹತ್ತು ಸಾವಿರ ಆರ್‌ಪಿಎಂನಲ್ಲಿ ಓಡುವ ರೇಸ್ ಎಂಜಿನ್ನಿಗೆ ಎತ್ತರದ ಕಿಂಡಿ ಬೇಕು, ನಿಜ. ಹೊಗೆ ಹೊರಹೋಗಲು ಅಲ್ಲಿ ಪುರುಸೊತ್ತು ಇರುವುದಿಲ್ಲ. ಆದರೆ ಆ ಎಂಜಿನ್ನು ಆರ್‌ಪಿಎಂ ಇಳಿಯದ ಹಾಗೆ ನೋಡಿಕೊಳ್ಳಲು ಗೇರಿನ ಮೇಲೆ ಗೇರು ಇಟ್ಟುಕೊಂಡಿರುತ್ತದೆ. 1967ರ ಸುಝುಕಿ 50 ಸಿಸಿ ರೇಸ್ ಬೈಕಿಗೆ 14 ಗೇರು! ನಮ್ಮ ಮೊಪೆಡ್ಡಿಗೆ ಇರುವುದು ಒಂದು. ನಿಂತಲ್ಲಿಂದ ಹೊರಡುವುದಕ್ಕೂ ಅದೇ, ದಿಬ್ಬ ಹತ್ತುವುದಕ್ಕೂ ಅದೇ. ಕೆಳಗಿನ ಆರ್‌ಪಿಎಂನ ಬಲ ಕಳೆದುಕೊಂಡರೆ ಮೇಲಿನ ಆರ್‌ಪಿಎಂ ಮುಟ್ಟುವ ದಾರಿಯೇ ಇಲ್ಲ.

ಅಗಲ ಮಾಡುವುದರಲ್ಲಿ ಬೇರೆ ಅಪಾಯ. ಪಿಸ್ಟನ್ ರಿಂಗು ಸದಾ ಹೊರಕ್ಕೆ ಒತ್ತಿಕೊಂಡಿರುವ ಸ್ಪ್ರಿಂಗು. ಕಿಂಡಿ ಅತಿ ಅಗಲವಾದರೆ ಆ ಜಾಗದಲ್ಲಿ ರಿಂಗು ಉಬ್ಬಿ ಹೊರಗೆ ಇಣುಕುತ್ತದೆ. ಅಂಚು ಚೂಪಾಗಿದ್ದರೆ ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ಕಿಂಡಿ ಉಜ್ಜಿದವರು ಕೊನೆಗೆ ಅಂಚನ್ನು ಎಣ್ಣೆಕಲ್ಲಿನಿಂದ ಮೃದು ಮಾಡಬೇಕು. ಹೊಸದಾಗಿ ಬೋರ್ ಮಾಡಿದ ಬ್ಲಾಕಿಗೂ ಇದು ಬೇಕು. ನನ್ನ ಅಂಗಡಿಯಲ್ಲಿ ಬೋರಿಗಿಂತ ಈ ಅಂಚಿಗೇ ನಾನು ಹೆಚ್ಚು ಹೊತ್ತು ಕೂರುತ್ತೇನೆ. ಉಗುರಿನಿಂದ ಗೀರಿ ನೋಡಿದಾಗ ಉಗುರು ಸಿಕ್ಕಿಕೊಳ್ಳಬಾರದು.

ಇಷ್ಟು ಸಾಲದೆಂದು ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡನ್ನು ಒಂದು ಲೇತ್ ಅಂಗಡಿಗೆ ಕೊಟ್ಟು ಒಂದು ಮಿ.ಮೀ. ಸವರಿಸಿಕೊಂಡು ಬಂದೆ. ಕಂಪ್ರೆಷನ್ ಏರಿಸುವ ಆಸೆ. ಇದರ ಲೆಕ್ಕ ಮನೆಯಲ್ಲೇ ಹಾಕಬಹುದು. 70 ಸಿಸಿ ಎಂಜಿನ್ನಿನಲ್ಲಿ 8ಕ್ಕೆ 1 ಕಂಪ್ರೆಷನ್ ಅಂದುಕೊಂಡರೆ, ಪಿಸ್ಟನ್ ತುದಿಗೆ ಬಂದಾಗ ಹೆಡ್ಡಿನಲ್ಲಿ ಉಳಿಯುವ ಜಾಗ 10 ಸಿಸಿ, ಎರಡು ಚಮಚ ನೀರಿನಷ್ಟು. 46 ಮಿ.ಮೀ. ಅಗಲದ ಜಾಗದಲ್ಲಿ ಒಂದು ಮಿ.ಮೀ. ಸವರಿದರೆ 1.66 ಸಿಸಿ ಹೋಯಿತು. ಉಳಿದದ್ದು 8.3 ಚಿಲ್ಲರೆ. ಕಂಪ್ರೆಷನ್ನು 8ರಿಂದ 9.4ಕ್ಕೆ ಹಾರಿತು. ಕಣ್ಣಿಗೆ ಒಂದು ಮಿ.ಮೀ., ಎಂಜಿನ್ನಿಗೆ ಬೇರೆ ಲೋಕ. ಕಾದ ಎಂಜಿನ್ನಿನಲ್ಲಿ ಇಷ್ಟು ಒತ್ತಿದ ಮಿಶ್ರಣ ಪ್ಲಗ್ಗಿನ ಬೆಂಕಿ ಮುಟ್ಟುವ ಮೊದಲೇ ಮೂಲೆಗಳಲ್ಲಿ ತಾನಾಗಿ ಸಿಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಸದ್ದು. ಅದಕ್ಕೆ ನಾಕಿಂಗ್ ಅನ್ನುತ್ತಾರೆ. ಪಿಸ್ಟನ್ನಿನ ತಲೆ ತೂತಾಗುವುದು ಹೀಗೇ.

ಹೆಡ್ ಸವರುವ ಮೊದಲು ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ರೇಡಿಯೊ ರಿಪೇರಿಯವರ ಸೋಲ್ಡರ್ ತಂತಿಯನ್ನು ಪ್ಲಗ್ಗಿನ ತೂತಿನಿಂದ ಒಳಗೆ ಬಿಟ್ಟು ತುದಿ ಗೋಡೆಗೆ ತಾಗುವ ಹಾಗೆ ಹಿಡಿಯಿರಿ. ಮ್ಯಾಗ್ನೆಟ್ಟಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಪಿಸ್ಟನ್ನು ತಂತಿಯ ತುದಿಯನ್ನು ಚಪ್ಪಟೆ ಮಾಡುತ್ತದೆ. ಹೊರಗೆಳೆದು ವರ್ನಿಯರಿನಲ್ಲಿ ಅಳೆದರೆ, ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಎಷ್ಟು ಜಾಗವಿದೆ ಅಂತ ಗೊತ್ತಾಗುತ್ತದೆ. ಮುಕ್ಕಾಲು ಮಿ.ಮೀ. ಆಸುಪಾಸಿಗೆ ಬಂದಿದ್ದರೆ ನಾನಂತೂ ಹೆಡ್ ಮುಟ್ಟುವುದಿಲ್ಲ.

ನಾಲ್ಕನೇ ಭಾನುವಾರ ಬಿ.ಎಚ್. ರಸ್ತೆಗೆ ಇಳಿದೆ, ಕೆ.ಬಿ. ಕ್ರಾಸ್ ಕಡೆಗೆ. ಸದ್ದು ಬಹಳ ಚೆನ್ನಾಗಿತ್ತು. ಆಕ್ಸಲರೇಟರು ಪೂರ್ತಿ ತಿರುಗಿಸಿ ಹಾಗೇ ಹಿಡಿದಿದ್ದೆ. ಒಂದು ಹಂತದಲ್ಲಿ ಸದ್ದು ಇನ್ನಷ್ಟು ತೆಳ್ಳಗೆ, ಇನ್ನಷ್ಟು ಚೂಪಾಗಿ ಏರಿತು. ಆಹಾ, ಈಗ ದಮ್ಮು ಕಟ್ಟಿತು ಅಂದುಕೊಂಡೆ. ಅದು ಸಾಯುವ ಎಂಜಿನ್ನಿನ ಕೊನೆಯ ರಾಗ ಅಂತ ಗೊತ್ತಿದ್ದರೆ ಆಗಲೇ ಕೈ ಬಿಟ್ಟಿರುತ್ತಿದ್ದೆ. ಬ್ರೇಕ್ ಹಿಡಿದ ಹಾಗೆ ಗಾಡಿ ತಡೆದು, ಕಿರ್ರ್ ಅಂದು, ಸದ್ದೇ ನಿಂತುಹೋಯಿತು. ಗೇರಿನ ಬೈಕಾಗಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಲಾರಿಗಳ ಮುಂದೆ ಬಿದ್ದಿರುತ್ತಿದ್ದೆ. ಮೊಪೆಡ್ಡಿನ ಕ್ಲಚ್ಚು ಎಂಜಿನ್ ತಿರುಗುವ ರಭಸಕ್ಕೆ ಹಿಡಿಯುವಂಥದ್ದು. ಎಂಜಿನ್ ನಿಂತೊಡನೆ ಶೂಗಳು ಬಿಟ್ಟುಕೊಂಡವು, ಗಾಡಿ ಉರುಳುತ್ತ ಹೋಗಿ ಹುಣಸೆಮರದ ಕೆಳಗೆ ನಿಂತಿತು. ಪುಣ್ಯ ನನ್ನದಲ್ಲ, ಕ್ಲಚ್ಚಿನದು.

ಮಾರನೇ ದಿನ ಬ್ಲಾಕು ಹಿಡಿದುಕೊಂಡು ಹೋಗಿ ನಿಂತದ್ದು ಬೋರ್ ಮಾಡುವ ಉಸ್ತಾದರ ಮುಂದೆ. ಊರಿನ ಹುಡುಗರೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಾಗೇ. ಪಿಸ್ಟನ್ನಿನ ಹೊಗೆ ಕಡೆಯ ಪಕ್ಕ ಉಗುರಿನಿಂದ ಪರಚಿದ ಹಾಗೆ ಉದ್ದುದ್ದ ಗೆರೆ. ಅಲ್ಯೂಮಿನಿಯಂ ಕರಗಿ ಬ್ಲಾಕಿನ ಗೋಡೆಗೆ ಮೆತ್ತಿಕೊಂಡಿತ್ತು. ಅವರು ಅದನ್ನು ನೋಡಲೇ ಇಲ್ಲ. ‘ಪ್ಲಗ್ ಎಲ್ಲೈತೆ, ಕೊಡು’ ಅಂದರು. ನೋಡಿ ನನ್ನ ಅಂಗೈ ಮೇಲಿಟ್ಟರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ‘ಹುರಿದ ಕಾಫಿಬೀಜದ ಬಣ್ಣ ಇರ್ಬೇಕು ಕಣಪ್ಪ. ಕರ್ರಗಿದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರೆ ಕಮ್ಮಿ. ಮೂರು ವಾರದಿಂದ ಅದು ಬಾಯ್ಬಿಟ್ಟು ಹೇಳ್ತಾ ಐತೆ, ನೀನು ಸೈಲೆನ್ಸರ್ ಸದ್ದು ಕೇಳ್ಕಂಡು ಕೂತಿದೀಯ.’

ಆಯಿಲ್ ಎಷ್ಟು ಹಾಕಿದ್ದೆ ಅಂತ ಕೇಳಿದರು. ಲೀಟರಿಗೆ 20 ಮಿ.ಲೀ. ಹಾಕಬೇಕಾದಲ್ಲಿ 40 ಹಾಕಿದ್ದೆ, ಎಂಜಿನ್ ಕಾಯದಿರಲಿ ಅಂತ. ಜಾಣತನದ ಕೆಲಸ ಅಂದುಕೊಂಡಿದ್ದೆ. ಅವರು ನಕ್ಕರು. ಜೆಟ್ಟಿನ ತೂತು ಅಷ್ಟೇ ಇದ್ದು ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲಿನ ಜಾಗವನ್ನೇ ಅದು ತಿನ್ನುತ್ತದೆ. ಮಿಶ್ರಣ ಇನ್ನೂ ಸ್ವಲ್ಪ ತೆಳುವಾಗುತ್ತದೆ, ಮೇಲಿಂದ ಮಸಿ ಬೇರೆ. ಜೆಟ್ಟನ್ನು ಸೂಜಿಯಿಂದ ಕೊರೆದು ದೊಡ್ಡದು ಮಾಡುವವರೂ ಇದ್ದಾರೆ. ತೂತು ಸೊಟ್ಟಗಾದ ಮೇಲೆ ಅದು ಎಷ್ಟನೇ ನಂಬರಿನದು ಅಂತ ಹೇಳಲು ಯಾರಿಂದಲೂ ಆಗದು. ಮುಂದಿನ ನಂಬರಿನ ಜೆಟ್ಟು ಅಂಗಡಿಯಲ್ಲಿ ಸಿಗುತ್ತದೆ, ತಂದು ಹಾಕಿ.

ಬ್ಲಾಕನ್ನು ಫಸ್ಟ್ ಸೈಜಿಗೆ, ಅಂದರೆ 0.25 ಮಿ.ಮೀ. ಬೋರ್ ಮಾಡಿ, ಹೊಸ ಪಿಸ್ಟನ್ ಹಾಕಿ, ಫಿಲ್ಟರನ್ನೂ ಹಳೇ ಜಾಗಕ್ಕೆ ಕೂರಿಸಿದರು. ಹೆಡ್ಡಿಗೆ ದಪ್ಪ ಗ್ಯಾಸ್ಕೆಟ್ ಬಂತು. ಕೊಳವೆ ಇಲ್ಲದ ಸೈಲೆನ್ಸರು, ಉಜ್ಜಿದ ಕಿಂಡಿ ಹಾಗೇ ಉಳಿದವು. ಬೋರ್ ಮಾಡಿದ್ದರಿಂದ ಸಿಸಿ ಹೆಚ್ಚಾಯಿತಲ್ಲ ಅಂತ ನನಗೆ ಒಳಗೊಳಗೇ ಖುಷಿ. ನಾಲ್ಕು ಸೈಜು ದಾಟಿ 47 ಮಿ.ಮೀ. ಮಾಡಿದರೂ 70 ಇದ್ದದ್ದು 73 ಸಿಸಿ ಆಗುತ್ತದೆ, ಅಷ್ಟೇ. ಹೊಸ ಪಿಸ್ಟನ್ ಪಳಗುವ ರನ್ನಿಂಗ್ ಮುಗಿದ ಮೇಲೆ ಉಸ್ತಾದರು ತಮ್ಮ ಕೈಗಡಿಯಾರ ಬಿಚ್ಚಿಕೊಟ್ಟು, ‘ಕಿಲೋಮೀಟರ್ ಕಲ್ಲಿಂದ ಕಲ್ಲಿಗೆ ಎಷ್ಟೊತ್ತಾಗುತ್ತೆ ನೋಡ್ಕಂಡು ಬಾ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ’ ಅಂದರು. ಬರುವಾಗ ಹೋಗುವಾಗ ಸೇರಿಸಿ ಸರಾಸರಿ 79 ಸೆಕೆಂಡು. ಗಂಟೆಗೆ 45 ಚಿಲ್ಲರೆ ಕಿಲೋಮೀಟರ್. ಕಿವಿಯ ಲೆಕ್ಕದಲ್ಲಿ ನಾನು ಎಪ್ಪತ್ತರಲ್ಲಿ ಹೋಗುತ್ತಿದ್ದೆ.

ಆಮೇಲೆ ಗುಜರಿಯಿಂದ ಯಾರೂ ಕೈ ಹಾಕದ ಒಂದು ಬ್ಲಾಕು ತರಿಸಿ ಬೋರ್ ಮಾಡಿ ಕೂರಿಸಿದರು. ಇನ್ನೊಂದು ಸೈಲೆನ್ಸರು, ಕೊಳವೆ ಇದ್ದದ್ದು, ಬೆಂಕಿಯಲ್ಲಿ ಕಾಯಿಸಿ, ತಟ್ಟಿ, ಒಳಗಿನ ಮಸಿಯೆಲ್ಲ ಉದುರಿಸಿ ಹಾಕಿದರು. ಅದೇ ಕಲ್ಲು, ಅದೇ ಗಡಿಯಾರ, 71 ಸೆಕೆಂಡು. ಗಂಟೆಗೆ 50ರ ಮೇಲೆ. ಸದ್ದೇ ಇಲ್ಲ. ನನಗೆ ಆಗ ಖುಷಿಗಿಂತ ಹೆಚ್ಚಾಗಿ ಮೋಸವಾದ ಹಾಗನಿಸಿತ್ತು.

ಅಪ್ಪ ಗಾಡಿಯ ಪಿಕಪ್ಪು ಸತ್ತಿದೆ ಅಂತ ವರ್ಷದಿಂದ ಹೇಳುತ್ತಿದ್ದರು. ಅದಕ್ಕೆ ಕಾರಣ ಹೊಗೆ ಕಿಂಡಿಯಲ್ಲೂ ಸೈಲೆನ್ಸರಿನಲ್ಲೂ ಕಟ್ಟಿದ್ದ ಮಸಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಸುಟ್ಟ ಆಯಿಲಿನ ಮಸಿ ಕಟ್ಟುತ್ತಲೇ ಇರುತ್ತದೆ, ಗೊರಕೆ ಹೊಡೆಯುವವನ ಮೂಗಿನ ಹಾಗೆ ದಾರಿ ಕಿರಿದಾಗುತ್ತದೆ. ನಾನು ತೆಗೆಯಬೇಕಿದ್ದದ್ದು ಮಸಿಯನ್ನು. ತೆಗೆದದ್ದು ಕಬ್ಬಿಣವನ್ನು.

ಸ್ಪೀಡಿನ ಆಸೆ ಇರುವವರಿಗೆ ಇನ್ನೊಂದು ಲೆಕ್ಕ. ಗಾಳಿಯನ್ನು ಸೀಳಲು ಬೇಕಾಗುವ ಕುದುರೆಬಲ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 50ರಲ್ಲಿ ಓಡುವ ಗಾಡಿ 60 ಮುಟ್ಟಬೇಕಾದರೆ 1.2ನ್ನು ಮೂರು ಸಲ ಗುಣಿಸಿ. 1.73 ಪಟ್ಟು ಬಲ. ಮೂರೂವರೆ ಕುದುರೆ ಇದ್ದದ್ದು ಆರು ಆಗಬೇಕು. ಅದೂ ಅದೇ ಸಣ್ಣ ಡ್ರಮ್ ಬ್ರೇಕು, ಅದೇ ತೆಳ್ಳನೆಯ ಟೈರು ಇಟ್ಟುಕೊಂಡು. ಅರ ಹಾಕಿ ಇಷ್ಟು ಕುದುರೆ ಹುಟ್ಟಿಸಲು ಆಗದು. ಹುಟ್ಟಿದರೂ ನಿಲ್ಲಿಸಲು ಆಗದು.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಕಿತ್ತ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸುವ ಫೋಟೊ ನೀವೂ ನೋಡಿರುತ್ತೀರಿ.

ಹುಡುಗನಿಗೆ ಬೋರ್ ಮಾಡಿಕೊಡಲಿಲ್ಲ. ಉಜ್ಜಿದ ಕಬ್ಬಿಣ ವಾಪಸ್ ಬರುವುದಿಲ್ಲ, ಹೊಸ ಪಿಸ್ಟನ್ನು ದಂಡ. ‘ಕಂಪನಿ ಪೋರ್ಟ್ ಇರೋ ಹಳೇ ಬ್ಲಾಕ್ ಹುಡುಕ್ಕೊಂಡು ಬಾ, ಬರ್ತಾ ಸೈಲೆನ್ಸರೂ ತಗೊಂಡು ಬಾ’ ಅಂದೆ. ಗುರುವಾರ ಎರಡನ್ನೂ ತಂದ. ಅಂಗಡಿ ಹಿಂದೆ ತೆಂಗಿನ ಮಟ್ಟೆಯ ಬೆಂಕಿ ಮಾಡಿ ಸೈಲೆನ್ಸರನ್ನು ಕೆಂಪಗೆ ಕಾಯಿಸಿ, ಆರಿದ ಮೇಲೆ ಮರದ ಸುತ್ತಿಗೆಯಿಂದ ತಟ್ಟಿದೆವು. ಒಂದೂವರೆ ಕರಟದಷ್ಟು ಮಸಿ ಉದುರಿತು.